ಯಾರ ಕೈಯಲ್ಲಿ ಯಾವ ಬಂದೂಕು?

ಹಡಪ್ಸರ್ ದಾಟಿ ದಿವೆ ಘಾಟ್ ಹತ್ತಿದರೆ ನಮ್ಮ ಸಾಸವಡ. ಕರ್ಹಾ ನದಿ, ಸೋಪಾನದೇವರ ಸಮಾಧಿ, ಸುತ್ತ ಅಂಜೂರ, ಸೀತಾಫಲದ ತೋಟಗಳು. ಹಿಂದೆ ಪುರಂದರ ಕೋಟೆ. ಪುರಂದರದಾಸರ ಹುಟ್ಟೂರು ಇಲ್ಲೇ ಎಂಬ ಮಾತೂ ಉಂಟು, ಇಲ್ಲ, ತೀರ್ಥಹಳ್ಳಿಯ ಕಡೆಯದು ಎಂಬ ವಾದವೂ ಉಂಟು. ಅದನ್ನು ದಾಸರಿಗೇ ಬಿಡೋಣ. ಕೋಟೆಯ ಇತಿಹಾಸದಲ್ಲಿ ಅನುಮಾನವಿಲ್ಲದ ಸಂಗತಿ ಒಂದಿದೆ. 1665ರಲ್ಲಿ ಮಿರ್ಜಾ ರಾಜಾ ಜಯಸಿಂಗ್ ಪಕ್ಕದ ವಜ್ರಗಡವನ್ನು ತೋಪುಗಳಿಂದ ಹೊಡೆದು ಗೆದ್ದ. ಪುರಂದರದ ಮೇಲೆ ಗುರಿಯಿಡಲು ಅವನಿಗೆ ಎತ್ತರದ ಜಾಗ ಸಿಕ್ಕಿತು. ಜೂನ್ ತಿಂಗಳಲ್ಲಿ ಶಿವಾಜಿ 23 ಕೋಟೆಗಳನ್ನು ಬಿಟ್ಟುಕೊಟ್ಟು ಒಪ್ಪಂದ ಮಾಡಿಕೊಳ್ಳಬೇಕಾಯಿತು. ಯಾರ ಬಳಿ ಯಾವ ಆಯುಧ, ಅದು ಎಲ್ಲಿಗೆ ತಲುಪಬಲ್ಲದು ಎಂಬ ಲೆಕ್ಕದ ಮೇಲೆ ಚರಿತ್ರೆ ತಿರುಗಿದ ಊರಿದು.

ಇಂಥ ಊರಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಗಣರಾಜ್ಯೋತ್ಸವಕ್ಕೆ ಮಕ್ಕಳ ಸ್ತಬ್ಧಚಿತ್ರ ಮಾಡುವ ಯೋಚನೆ ಬಂತು. 1962, 1971, 1999ರ ಮೂವರು ಸೈನಿಕರು ಮತ್ತು 2008ರ ಒಬ್ಬ ಪೊಲೀಸ್. ಆಫೀಸಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಸೊಸೈಟಿಯಲ್ಲೂ ಬಿಡುವಿಲ್ಲ; ಬಂದೂಕು ಒದಗಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಮೊಬೈಲ್ ಆಟದಲ್ಲಿ ಪಳಗಿದ ಮಕ್ಕಳು ನಾಲ್ವರಿಗೂ ದುರ್ಬೀನು ಕೂರಿಸಿದ ಕಪ್ಪು ಎಂ4 ಬೇಕೆಂದರು, ಅದೂ ಏರ್‌ಸಾಫ್ಟ್ ಮಾದರಿಯೇ ಆಗಬೇಕಂತೆ.

ಏರ್‌ಸಾಫ್ಟ್ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ. ಅಲ್ಲಿನ ಕಾನೂನು ಸಾಮಾನ್ಯರ ಕೈಗೆ ನಿಜವಾದ ಬಂದೂಕು ಸಿಗಗೊಡುವುದಿಲ್ಲ. ಅದಕ್ಕೇ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುವ, ನೋಡಲು ಥೇಟ್ ಅಸಲಿಯಂತಿರುವ ಪ್ರತಿಕೃತಿಗಳು ಬಂದವು. ಒಂದು ದೇಶದ ಸೈನ್ಯವನ್ನೋ ಪೊಲೀಸರನ್ನೋ ಆರಿಸಿಕೊಂಡು, ಅವರ ಸಮವಸ್ತ್ರ ಆಯುಧಗಳಿಗೆ ಸರಿಹೊಂದುವ ಪ್ರತಿಕೃತಿ ಕೂಡಿಸುವುದು ಜಗತ್ತಿನಲ್ಲಿ ದೊಡ್ಡ ಹವ್ಯಾಸ. ಆ ಹವ್ಯಾಸಿಗಳು ಕೇಳುವ ಪ್ರಶ್ನೆಗಳು ಮೂರು: ಯಾವ ವರ್ಷ? ಯಾವ ಪಡೆ? ಆ ಮನುಷ್ಯನ ಕೆಲಸ ಏನು? ಈ ಮೂರನ್ನು ಭಾರತಕ್ಕೆ ಹಾಕಿ ನೋಡಿದಾಗ ನನಗೆ ಸಿಕ್ಕಿದ್ದು ಬರೀ ಆಟಿಕೆಯ ಪಟ್ಟಿಯಲ್ಲ.

1962ರಿಂದ ಶುರು ಮಾಡೋಣ. ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗರ ಕುಮಾಂವ್ ಕಂಪನಿಯ ಜವಾನರ ಕೈಯಲ್ಲಿದ್ದದ್ದು ತ್ರೀ ನಾಟ್ ತ್ರೀ, ಅಂದರೆ .303 ಲೀ-ಎನ್‌ಫೀಲ್ಡ್. ಒಂದು ಗುಂಡು ಹಾರಿಸಿ, ಕೈಯಿಂದ ಬೋಲ್ಟ್ ಎಳೆದು, ಮತ್ತೊಂದು ಹಾರಿಸಬೇಕು. ಎದುರಿನ ಚೀನೀಯರ ಬಳಿ ತಾನೇ ಗುಂಡು ತುಂಬಿಕೊಳ್ಳುವ ರೈಫಲ್‌ಗಳಿದ್ದವು. ಪ್ರತಿಕೃತಿ ಆರಿಸುವವರು ಇಲ್ಲೊಂದು ಸಣ್ಣ ವ್ಯತ್ಯಾಸ ಗಮನಿಸಬೇಕು. ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ನಂ. 1 ಮಾರ್ಕ್ 3 ಮಾದರಿ. ಅದರ ಮೂತಿ ಮೊಂಡು. ನಳಿಗೆಯ ತುದಿ ಹೊರಗೆ ಚಾಚುವುದಿಲ್ಲ. ಬ್ರಿಟಿಷರ ನಂ. 4ರಲ್ಲಿ ನಳಿಗೆ ಮುಂದಕ್ಕೆ ಚಾಚಿರುತ್ತದೆ, ಗುರಿಕಿಂಡಿ ಹಿಂಬದಿಗೆ, ಕಣ್ಣಿನ ಹತ್ತಿರಕ್ಕೆ ಬಂದಿರುತ್ತದೆ. ಅದೇ ಇಷಾಪುರದಲ್ಲಿ ಮುಂದೆ 7.62 ಮಿ.ಮೀ. ಗುಂಡಿಗೆ ಮಾಡಿದ 2ಎ ರೈಫಲ್ ಬಂತು. ಮೊಂಡು ಮೂತಿ ಹಾಗೇ ಉಳಿಯಿತು, ಚೌಕಟ್ಟಾದ 12 ಗುಂಡಿನ ಮ್ಯಾಗಝಿನ್ ಹೊಸತು. ಆ ಮ್ಯಾಗಝಿನ್ ಕಂಡರೆ ಅದು 1962ರ ಸೈನಿಕನದಲ್ಲ ಎಂದು ತಿಳಿಯಬೇಕು.

1971ರ ಹೊತ್ತಿಗೆ ಕಾಲಾಳು ಪಡೆಯ ಮುಖ್ಯ ಆಯುಧ ಎಸ್‌ಎಲ್‌ಆರ್ ಆಗಿತ್ತು. ಬೆಲ್ಜಿಯಂನ ಎಫ್‌ಎಎಲ್ ರೈಫಲ್ ಅದರ ಮೂಲ. ತಯಾರಿ ಇಷಾಪುರದಲ್ಲಿ, ಹೆಸರು 1ಎ1. ಇಪ್ಪತ್ತು ಗುಂಡು, ಮರದ ಹಿಡಿ. ಪ್ರತಿಕೃತಿ ಬೇಕಾದರೆ ಬ್ರಿಟಿಷ್ ಎಲ್1ಎ1 ಹತ್ತಿರದ್ದು. ಮರದ ಭಾಗಗಳಿರುವುದನ್ನೇ ಹುಡುಕಬೇಕು. ಹಿಡಿ ಮಡಚುವ ಕಪ್ಪು ಪ್ಯಾರಾ ಮಾದರಿ ಸಲ್ಲದು. ಸ್ಟರ್ಲಿಂಗ್ ಕಾರ್ಬೈನ್ ಕೂಡ ಆ ಕಾಲದ್ದೇ, ಕಾನ್ಪುರದಲ್ಲಿ ತಯಾರಾದದ್ದು. ನಮ್ಮ 1971ರ ಸೈನಿಕನನ್ನು ನಾನು ಮರಾಠಾ ಲೈಟ್ ಇನ್‌ಫೆಂಟ್ರಿಯವನನ್ನಾಗಿ ಮಾಡಿದೆ. ಆ ರೆಜಿಮೆಂಟಿನ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಕನ್ನಡಿಗರಿಗೂ ಮರಾಠಿಗರಿಗೂ ಅಷ್ಟರಮಟ್ಟಿಗೆ ಜಗಳವಿಲ್ಲ. ಅದರ 1ನೇ ಬೆಟಾಲಿಯನ್ ಆ ಡಿಸೆಂಬರಿನಲ್ಲಿ ಬಾಂಗ್ಲಾದ ಜಮಾಲ್‌ಪುರವನ್ನು ಸುತ್ತುವರಿದಿತ್ತು. ಶರಣಾಗು ಎಂದು ಬ್ರಿಗೇಡಿಯರ್ ಕ್ಲೇರ್ ಬರೆದ ಪತ್ರಕ್ಕೆ ಪಾಕಿಸ್ತಾನದ ಕಮಾಂಡರ್ ಉತ್ತರ ಬರೆದು, ಅದರಲ್ಲಿ ಒಂದು ಗುಂಡನ್ನು ಸುತ್ತಿ ಕಳಿಸಿದ. ಪೆನ್ನು ಬಿಟ್ಟು ಸ್ಟೆನ್ ಹಿಡಿದು ಬಾ ಎಂಬುದು ಅವನ ಪತ್ರದ ಸಾರ. ಆ ಗುಂಡು ಚೀನಾದ್ದು. ಅವರ ಕೈಯಲ್ಲೂ ಪರದೇಶದ ಬಂದೂಕು, ನಮ್ಮ ಕೈಯಲ್ಲೂ ಪರದೇಶದ ಮೂಲ.

1999ರ ಕಾರ್ಗಿಲ್ ಸೈನಿಕನಿಗೆ ಇನ್ಸಾಸ್. ಇದು ನಮ್ಮ ನೆರೆಯದೇ. ವಿನ್ಯಾಸವಾದದ್ದು ಪುಣೆಯ ಪಾಷಾಣದಲ್ಲಿರುವ ಡಿಆರ್‌ಡಿಓ ಸಂಸ್ಥೆ ಎಆರ್‌ಡಿಇಯಲ್ಲಿ. ಒಳಗಿನ ಯಂತ್ರ ಎಕೆಯ ಕ್ರಮ, ಗ್ಯಾಸ್ ನಿಯಂತ್ರಕ ಎಫ್‌ಎಎಲ್ ಕ್ರಮ, ಎಡಗಡೆಯ ಎಳೆಗುಬ್ಬಿ ಜರ್ಮನ್ ಕ್ರಮ. ಕಾರ್ಗಿಲ್‌ನ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಝಿನ್ ಬಿರುಕು ಬಿಟ್ಟ ದೂರುಗಳು ಬಂದವು. ತಮಾಷೆ ನೋಡಿ, ಪಾಷಾಣದಲ್ಲಿ ಹುಟ್ಟಿದ ಈ ರೈಫಲಿನ ಏರ್‌ಸಾಫ್ಟ್ ಪ್ರತಿಕೃತಿ ಯಾವ ದೊಡ್ಡ ತಯಾರಕರ ಪಟ್ಟಿಯಲ್ಲೂ ನನಗೆ ಕಾಣಲಿಲ್ಲ. ಎಕೆ, ಎಂ4 ಎಷ್ಟು ಬೇಕಾದರೂ ಇವೆ. 2019ರಲ್ಲಿ ಅಮೆರಿಕದಿಂದ 72,400 ಸಿಗ್ 716 ಕೊಂಡದ್ದೂ, 2021ರಲ್ಲಿ ಅಮೇಠಿಯ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ತಯಾರಿಸಲು ಒಪ್ಪಂದವಾದದ್ದೂ ನಿಮಗೆ ಗೊತ್ತಿರಬಹುದು. ಅಂದರೆ ಇಂದಿನ ಸೈನಿಕನ ಪ್ರತಿಕೃತಿ ಸುಲಭ. ನಿನ್ನೆಯವನದೇ ಕಷ್ಟ.

ಇನ್ನು ಪೊಲೀಸ್. ಸೈನ್ಯ .303ನ್ನು ಕೆಳಗಿಟ್ಟ ಮೇಲೆ ಅದು ಹೋದದ್ದು ಠಾಣೆಗಳಿಗೆ. ಪ್ರಾಥಮಿಕ ಶಾಲೆಗೆ ಹೋಗುವಾಗ ನಮ್ಮೂರ ಖಜಾನೆಯ ಮುಂದೆ ನಿಂತ ಪೇದೆಯ ತ್ರೀ ನಾಟ್ ತ್ರೀ ನೋಡುತ್ತ ಬೆಳೆದವನು ನಾನು. ಅದಕ್ಕಿಂತ ಬಡ ಬಂದೂಕೂ ಇತ್ತು: .410 ಮಸ್ಕೆಟ್. ಲೀ-ಎನ್‌ಫೀಲ್ಡನ್ನೇ ತೆಗೆದುಕೊಂಡು, ನಳಿಗೆಯ ಒಳಗಿನ ತಿರುವುಗಳನ್ನು ಕೊರೆದು ನುಣುಪು ಮಾಡಿ, ಮ್ಯಾಗಝಿನ್‌ಗೆ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ಗುಂಡು ಹಾರುವಂತೆ ಮಾಡುತ್ತಿದ್ದರು. ಒಳ್ಳೆಯ ಬಂದೂಕನ್ನು ಕಷ್ಟಪಟ್ಟು ಕೆಡಿಸಿ ಕೊಡುವುದೇಕೆ? 1857ರ ದಂಗೆಯ ನಂತರ ಬ್ರಿಟಿಷರು ತೋಪುಗಳನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಮ್ಮ ಕೈಯಲ್ಲೇ ಇಟ್ಟುಕೊಂಡರು, ದೇಶೀ ಸಿಪಾಯಿಗೆ ಗೋರಾ ಸಿಪಾಯಿಗಿಂತ ಒಂದು ತಲೆಮಾರು ಹಳೆಯ ಬಂದೂಕು ಕೊಟ್ಟರು. ನಂಬಿಕೆ ಎಷ್ಟೋ ಆಯುಧ ಅಷ್ಟೇ ಎಂಬ ಆ ಲೆಕ್ಕದ ಕೊನೆಯ ಮೆಟ್ಟಿಲಲ್ಲಿ ಪೇದೆ ನಿಂತಿದ್ದ. ಸ್ವಾತಂತ್ರ್ಯ ಬಂದ ಮೇಲೂ ಮೆಟ್ಟಿಲು ಬದಲಾಗಲಿಲ್ಲ. ಉತ್ತರ ಪ್ರದೇಶದ ಪೊಲೀಸರು .303ನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ.

2008ರ ನವೆಂಬರ್ 26ರ ರಾತ್ರಿ ಮುಂಬೈಯ ರೈಲು ನಿಲ್ದಾಣದಲ್ಲಿ ಎಕೆ-47ಗಳ ಎದುರು ಪೊಲೀಸರ ಬಳಿ ಇದ್ದದ್ದು ಇದೇ .303. ಗಿರ್ಗಾಂವ್ ಚೌಪಾಟಿಯಲ್ಲಿ ಸಾತಾರಾ ಜಿಲ್ಲೆಯ ತುಕಾರಾಮ್ ಓಂಬಳೆಯವರ ಕೈಯಲ್ಲಿ ಅದೂ ಇರಲಿಲ್ಲ, ಲಾಠಿಯಿತ್ತು. ದಾಳಿಕೋರನ ಎಕೆಯ ನಳಿಗೆಯನ್ನು ಬರಿಗೈಯಲ್ಲಿ ಹಿಡಿದುಕೊಂಡರು. ಗುಂಡುಗಳು ದೇಹ ಹೊಕ್ಕರೂ ಬಿಡಲಿಲ್ಲ. ಸಹೋದ್ಯೋಗಿಗಳು ಅವನನ್ನು ಜೀವಂತ ಹಿಡಿದರು. ಓಂಬಳೆಯವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು.

ಮಕ್ಕಳಿಗೆ ಇದನ್ನೆಲ್ಲ ಹೇಳಿ ಪಟ್ಟಿ ಮುಂದಿಟ್ಟಾಗ ಒಬ್ಬಳು ಕೇಳಿದಳು: "ಅಂಕಲ್, ಹಾಗಾದರೆ ಈ ನಾಲ್ಕು ದೃಶ್ಯಗಳಲ್ಲಿ ಅಂಗಡಿಯಲ್ಲಿ ಸರಿಯಾಗಿ, ಸುಲಭವಾಗಿ ಸಿಗೋದು ಆ ದಾಳಿಕೋರನ ಬಂದೂಕು ಮಾತ್ರ ಅಲ್ವಾ?" ಹೌದು. ಮಾರುಕಟ್ಟೆಗೆ ಗೊತ್ತಿರುವುದು ಗೆದ್ದ ಬಂದೂಕುಗಳು, ಸಿನಿಮಾದ ಬಂದೂಕುಗಳು. ನಮ್ಮವರು ಹಿಡಿದು ಸತ್ತ ಬಂದೂಕುಗಳಿಗೆ ಗಿರಾಕಿಯಿಲ್ಲ.

ಕೊನೆಗೆ ಏರ್‌ಸಾಫ್ಟ್ ತರಿಸಲೇ ಇಲ್ಲ. 2016ರ ಆಯುಧ ನಿಯಮಗಳು ಬಂದೂಕಿನ ಪ್ರತಿಕೃತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿವೆ. ಅಸಲಿಯಂತೆ ಕಾಣುವುದನ್ನು ಮಕ್ಕಳ ಕೈಗೆ ಕೊಟ್ಟು ರಸ್ತೆಯಲ್ಲಿ ನಡೆಸುವುದು ಬೇಡವೆನಿಸಿತು. ಫೋಟೋ ಮತ್ತು ಅಳತೆ ಕೊಟ್ಟು ಸಾಸವಡದ ಬಡಗಿಯಿಂದ ಮೂರನ್ನು ಮರದಲ್ಲಿ ಮಾಡಿಸಿದೆವು. ಮೊಂಡು ಮೂತಿ, ಮರದ ಹಿಡಿ, ಎಡಗಡೆಯ ಗುಬ್ಬಿ, ಎಲ್ಲವೂ ಸರಿ ಬಂತು. ದಾಳಿಕೋರನನ್ನು ವೇದಿಕೆಗೆ ತರಲಿಲ್ಲ, ಹಾಗಾಗಿ ಎಕೆಯ ಅಗತ್ಯವೂ ಬೀಳಲಿಲ್ಲ. ನಾಲ್ಕನೆಯದಕ್ಕೆ ಸೋಮವಾರದ ಸಂತೆಯಲ್ಲಿ ಒಂದು ಬಿದಿರಿನ ಲಾಠಿ ಕೊಂಡೆ. ಮೊದಲು ಎಂ4 ಬೇಕೆಂದು ಹಟ ಹಿಡಿದಿದ್ದ ಹುಡುಗನೇ ಅದನ್ನು ಕೇಳಿ ಪಡೆದ.