ಬೇಡ ಅನ್ನದಿದ್ದರೆ ಬೇಕು ಅಂತಲೇ ಲೆಕ್ಕ

ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಕಳೆದ ತಿಂಗಳು ದೊಡ್ಡ ಗಲಾಟೆ. ಒಂದು ವರ್ಷಕ್ಕೆ ಅಂತ ಹಾಕಿಸಿದ್ದ ಆಂಟಿವೈರಸ್‌ಗೆ ಎರಡನೇ ವರ್ಷದ ದುಡ್ಡೂ ಕಾರ್ಡಿನಿಂದ ತಾನಾಗೇ ಹೋಗಿತ್ತು. "ನಾನೇನು ಹೂಂ ಅಂದಿದ್ನಾ ಸಾರ್?" ಅಂತ ಅಂಗಡಿಯವರು ನಮ್ಮನ್ನೇ ಕೇಳಿದರು.

ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದಲ್ಲಿ 1926ರಲ್ಲಿ ಶುರುವಾದ ಬುಕ್ ಆಫ್ ದಿ ಮಂತ್ ಕ್ಲಬ್ ಇದನ್ನು ಹೆಸರುವಾಸಿ ಮಾಡಿತು. ಬೇಡ ಅಂತ ಚೀಟಿ ಕಳಿಸದಿದ್ದರೆ ಆ ತಿಂಗಳ ಪುಸ್ತಕವೂ ಬಿಲ್ಲೂ ಮನೆಗೆ ಬರುತ್ತಿದ್ದವು. ಸುಮ್ಮನಿದ್ದರೆ ಒಪ್ಪಿದಂತೆ! ಇಂಥ ಮಾರಾಟಕ್ಕೆ ಅಲ್ಲಿ ನಿಯಮ ಬಂದಿದ್ದು 1973ರಲ್ಲಿ.

ನಮ್ಮ ಹಳ್ಳಿಗಳಿಗೆ ಇದು ಬಂದಿದ್ದು ಕಾಲರ್ ಟ್ಯೂನ್ ವೇಷದಲ್ಲಿ. ಯಾವುದೋ ಬಟನ್ ಒತ್ತಿದ್ದಕ್ಕೆ ಹಾಡು ಅಂಟಿಕೊಂಡು, ಹಾಕಿಸಿದ ಕರೆನ್ಸಿ ಸಂಜೆಯೊಳಗೆ ಖಾಲಿ. ನಮ್ಮಲ್ಲಿ ಯಾರು ಬೈದಿಲ್ಲ ಹೇಳಿ? 2013ರಲ್ಲಿ ಟ್ರಾಯ್, ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಲೇಬೇಕು ಎಂದಿತು.

ಕಾರ್ಡುಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾಗಿದ್ದು 2021ರ ಅಕ್ಟೋಬರ್ 1ರಿಂದ. ದುಡ್ಡು ಕಡಿತಕ್ಕೆ 24 ಗಂಟೆ ಮೊದಲೇ ಮೆಸೇಜ್ ಬರಬೇಕು, ಬೇಡವೆಂದರೆ ನಿಲ್ಲಿಸಲು ದಾರಿ ಇರಬೇಕು. ಒಟಿಪಿ ಇಲ್ಲದೆ ಕಡಿಯುವ ಮಿತಿ ಆಗ 5,000 ರೂಪಾಯಿ; 2022ರಲ್ಲಿ 15,000 ಆಯಿತು.

ಅಂಗಡಿಯವರ ಫೋನಿನಲ್ಲಿ ಹುಡುಕಿದೆವು. ಮೆಸೇಜ್ ಬಂದಿತ್ತು. ಇಂಗ್ಲಿಷಿನಲ್ಲಿ, ಎರಡು ಸಾಲದ ಜಾಹೀರಾತುಗಳ ನಡುವೆ.