ಕಿಟ್ಟೆಲರ ಕೋಶ: ಬೋಧಕವೃತ್ತಿಯ ಫಲವೋ, ವಿಸ್ಮೃತಿಯೋ?

ಕನ್ನಡ ಶಬ್ದಗಳ ಅರ್ಥದಲ್ಲಿ ಸಂಶಯ ಬಂದಾಗಲೆಲ್ಲ ನಾವು ತೆರೆದು ನೋಡುವ ಮಹಾಕೋಶವನ್ನು ರಚಿಸಿದ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು ವೃತ್ತಿಯಿಂದ ಕೋಶಕಾರರಲ್ಲ, ಕ್ರೈಸ್ತಮತಬೋಧಕರು. ಇದು ವಾಚಕರಿಗೆ ವಿದಿತವಾದ ಸಂಗತಿಯೇ. ಆದರೆ ಈ ಎರಡು ಪಾತ್ರಗಳಿಗೂ ಇರುವ ಸಂಬಂಧವೇನೆಂಬ ವಿಷಯದಲ್ಲಿ ವಿದ್ವಾಂಸರ ಮಾತುಕತೆಗಳಲ್ಲಿ ಎರಡು ಪಕ್ಷಗಳು ಕಂಡುಬರುವುವು. ಬೋಧನೆಗೆಂದು ಬಂದ ಕಿಟ್ಟೆಲರು ಕನ್ನಡದ ಮೋಹಕ್ಕೆ ಸಿಕ್ಕಿ ಬೋಧನೆಯನ್ನು ಮರೆತರು, ಆದುದರಿಂದ ಅವರ ಮತವನ್ನು ಬದಿಗಿಟ್ಟು ವಿದ್ವತ್ತನ್ನಷ್ಟೇ ಗೌರವಿಸಬೇಕು ಎಂಬುದು ಒಂದು ಪಕ್ಷ. ಕೋಶವೆಂಬುದು ಮತಾಂತರದ ಉಪಕರಣವಲ್ಲದೆ ಬೇರಲ್ಲ, ವಿದ್ವತ್ತು ಅದಕ್ಕೆ ತೊಡಿಸಿದ ಕಂಚುಕ ಮಾತ್ರ ಎಂಬುದು ಇನ್ನೊಂದು. ಮೊದಲನೆಯದು ಕೃತಜ್ಞತೆಯಿಂದಲೂ ಎರಡನೆಯದು ಶಂಕೆಯಿಂದಲೂ ಹುಟ್ಟಿದುದು. ಎರಡೂ ಸಾಧುವಲ್ಲವೆಂದು ನನಗೆ ತೋರುವುದರಿಂದ ಈ ವಿಚಾರವನ್ನು ಎತ್ತಿಕೊಂಡಿದ್ದೇನೆ.

ಎರಡನೆಯ ಪಕ್ಷದಲ್ಲಿ ನಾನೂ ಒಂದು ಕಾಲದಲ್ಲಿ ಇದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುವೆನು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಅಕಾರಾದಿಯಾಗಿ ಜೋಡಿಸಿದ ಪುಸ್ತಕವೇ ಒಂದು ಬಗೆಯ ಅನಾಚಾರವಾಗಿ ಕಾಣುತ್ತಿದ್ದಿತು. ಮೇಲಾಗಿ ನಮಗೆ ಪಾಠ ಹೇಳುತ್ತಿದ್ದ ಹಿರಿಯರೊಬ್ಬರು ಆ ಗ್ರಂಥವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ತಾವು ಮಾತ್ರ ನೋಡುತ್ತಿದ್ದರು. ವಿದ್ಯಾರ್ಥಿಗಳು ಮುಟ್ಟಿದರೆ ಗದರುತ್ತಿದ್ದರು. ಶಬ್ದಮಣಿದರ್ಪಣದ ಒಂದು ಪ್ರಯೋಗಕ್ಕಾಗಿ ನಾನು ಅದನ್ನು ಅವರಿಗೆ ತಿಳಿಯದಂತೆ ತೆರೆದ ದಿನ ನನ್ನ ಗರ್ವ ಇಳಿಯಿತು. ಅಸ್ತು, ಪ್ರಕೃತವನ್ನು ಅನುಸರಿಸೋಣ.

ಕಿಟ್ಟೆಲರು 1832ನೆಯ ಇಸವಿಯ ಏಪ್ರಿಲ್ 7ರಂದು ಜರ್ಮನಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಚರ್ಚಿನ ಪಾದ್ರಿ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಪ್ರಕಟವಾದುದೂ ಅದೇ 1832ರಲ್ಲಿ. ಕಾಕತಾಳೀಯವೇ ಸರಿ, ಆದರೂ ಆ ನಿಘಂಟನ್ನು ಹಿಂದಿಕ್ಕುವವನು ಆ ವರ್ಷವೇ ಹುಟ್ಟಿದನೆಂಬುದು ನೆನಪಿನಲ್ಲಿ ಉಳಿಯುವ ಸಂಗತಿ. 1850ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾಠಶಾಲೆಯನ್ನು ಸೇರಿ 1853ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನು 1815ರಲ್ಲಿ ಸ್ಥಾಪಿತವಾದುದು. 1834ರಿಂದ ಮಂಗಳೂರಿನಲ್ಲಿ ನೆಲೆಗೊಂಡಿದ್ದಿತು. ಮುಂದೆ ಧಾರವಾಡ, ಮಡಿಕೇರಿ, ಹುಬ್ಬಳ್ಳಿಗಳಲ್ಲಿಯೂ ಅವರು ಇದ್ದುದುಂಟು.

ಇಲ್ಲಿ ಒಂದು ಶಬ್ದದ ವಿಚಾರವನ್ನು ಮಾಡದೆ ಮುಂದೆ ಹೋಗಲಾಗದು. ಜರ್ಮನ್ ಭಾಷೆಯಲ್ಲಿ ‘ಬೆರೂಫ್’ ಎಂಬ ಮಾತೊಂದಿದೆ. ಅದರ ಧಾತ್ವರ್ಥ ‘ಕರೆಯುವಿಕೆ’. ಆದರೆ ವ್ಯವಹಾರದಲ್ಲಿ ಅದು ‘ವೃತ್ತಿ, ಕಸುಬು’ ಎಂಬರ್ಥದಲ್ಲಿ ಸಲ್ಲುವುದು. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ನೆಲೆಗೊಳ್ಳಲು 16ನೆಯ ಶತಮಾನದ ಮತಸುಧಾರಕ ಮಾರ್ಟಿನ್ ಲೂಥರನ ಬೈಬಲ್ ಭಾಷಾಂತರವೂ ಬೋಧನೆಯೂ ಮುಖ್ಯ ಕಾರಣ. ಮಠವನ್ನು ಸೇರಿದ ಸನ್ಯಾಸಿ ಮಾತ್ರವೇ ದೇವರಿಂದ ಕರೆಯಲ್ಪಟ್ಟವನಲ್ಲ, ಚಮ್ಮಾರನೂ ಒಕ್ಕಲಿಗನೂ ತಂತಮ್ಮ ಕೆಲಸಗಳಲ್ಲಿಯೇ ಕರೆಯಲ್ಪಟ್ಟವರು ಎಂಬುದು ಅವನ ಸಿದ್ಧಾಂತ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯಜಮಾನನೊಬ್ಬನು ಆಳುಗಳಿಗೆ ಧನವನ್ನು ಒಪ್ಪಿಸಿ ದೂರದೇಶಕ್ಕೆ ಹೋಗಿ, ಮರಳಿ ಬಂದು ಲೆಕ್ಕ ಕೇಳಿದ ಕಥೆ ಇದೆ. ಧನವನ್ನು ನೆಲದಲ್ಲಿ ಹೂತಿಟ್ಟ ಆಳು ದಂಡನೆಗೆ ಗುರಿಯಾಗುವನು. ಭಕ್ತನ ಬಾಳಿನ ಗುರಿ ತನಗೆ ಒಪ್ಪಿಸಿದ ಧನವನ್ನು ದುಡಿಸುವುದು ಎಂಬ ಭಾವನೆ ಬಾಸೆಲಿನ ಪಾಠಶಾಲೆಯಂತಹ ಕಡೆಗಳಲ್ಲಿ ಉಸಿರಿನಂತೆ ವ್ಯಾಪಿಸಿದ್ದಿತು. ನಮ್ಮ ಸ್ವಧರ್ಮಾಚರಣೆಯ ಮಾತು ಇದಕ್ಕೆ ಸಮೀಪವೆಂದು ತೋರಬಹುದು, ಆದರೆ ಒಂದೇ ಅಲ್ಲ. ಸ್ವಧರ್ಮವು ಹುಟ್ಟಿನಿಂದಲೇ ಗೊತ್ತಾಗಿರುವುದು. ಬೆರೂಫನ್ನಾದರೋ ಭಕ್ತನು ಕಿವಿಗೊಟ್ಟು ಕೇಳಿ ಗುರುತಿಸಬೇಕು; ಕೆಲವೊಮ್ಮೆ ಕೇಳಿದುದು ತಪ್ಪಾಗಿಯೂ ಇರಬಹುದು. ಕಿಟ್ಟೆಲರ ಸಂಕಟಕ್ಕೆ ಮೂಲವಿರುವುದು ಇಲ್ಲಿ.

ಯಾಕೆಂದರೆ, ಬೋಧಕರಾಗಿ ಅವರು ಮೊದಲು ಸೋತರು. ಯೆಹೂದ್ಯರಿಗೆ ಯೆಹೂದ್ಯನಂತಾದೆನೆಂದು ಸಂತ ಪೌಲನು ಹೇಳಿಕೊಂಡಂತೆ ತಾನು ಇಲ್ಲಿಯವರಿಗೆ ಇಲ್ಲಿಯವನೇ ಆಗಬೇಕೆಂದು ಕಿಟ್ಟೆಲರು ನಿಶ್ಚಯಿಸಿದರು. ಇತರ ಐರೋಪ್ಯರು ಕುದುರೆಯೇರಿ ಹೋಗುತ್ತಿದ್ದಲ್ಲಿ ಇವರು ಕಾಲ್ನಡಿಗೆಯಲ್ಲಿ ಹಳ್ಳಿಗಳನ್ನು ಸುತ್ತಿದರು. ಈ ರೀತಿ ಸಹೋದ್ಯೋಗಿಗಳಿಗೆ ರುಚಿಸಲಿಲ್ಲ, ಮೇಲಿನವರಿಗೂ ಹಿಡಿಸಲಿಲ್ಲ. ಹಳ್ಳಿಗರು ಆದರಿಸಿದರೇನೋ ಸರಿ, ಆದರೆ ಅವರಿಂದ ಮತಾಂತರ ಹೊಂದಿದವರ ಸಂಖ್ಯೆ ಹೇಳಿಕೊಳ್ಳುವಂತಹುದಲ್ಲ. ದೇವರು ತನ್ನನ್ನು ಈ ಕೆಲಸಕ್ಕೆ ಕರೆದನೆಂದು ನಂಬಿ ಸಮುದ್ರವನ್ನು ದಾಟಿ ಬಂದ ತರುಣನಿಗೆ ಆ ಕೆಲಸವೇ ಕೈಹತ್ತದಿದ್ದರೆ ಆಗುವ ವ್ಯಥೆ ಸಾಮಾನ್ಯವಾದುದಲ್ಲ. 1860ರಲ್ಲಿ ಮದುವೆಯಾದ ಪತ್ನಿ ಪೌಲೀನೆ 1864ರಲ್ಲಿಯೇ ತೀರಿಕೊಂಡರು.

ಈ ದಿನಗಳಲ್ಲಿ, 1862ರಲ್ಲಿ, ಹೊರಬಂದುದು ‘ಕಥಾಮಾಲೆ’. ಯೇಸುಕ್ರಿಸ್ತನ ಚರಿತ್ರೆಯನ್ನು ಕಿಟ್ಟೆಲರು ಇಲ್ಲಿ ಕನ್ನಡ ಷಟ್ಪದಿಯ ಬಂಧಕ್ಕೆ ಅಳವಡಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಅವರ ಬಾಳಿನ ತಿರುವು ಇರುವುದು ಈ ಪುಸ್ತಕದಲ್ಲಿಯೇ ಹೊರತು ಮುಂದಿನ ಶಾಸ್ತ್ರಗ್ರಂಥಗಳಲ್ಲಿ ಅಲ್ಲ. ಅನ್ಯದೇಶದ ಕಥೆಯನ್ನು ಷಟ್ಪದಿಯಲ್ಲಿ ಹೇಳಹೊರಟವನು ಏನೇನನ್ನು ಎದುರಿಸಬೇಕೆಂಬುದನ್ನು ಯೋಚಿಸಿ ನೋಡಿರಿ. ಮಾತ್ರೆಯ ಲೆಕ್ಕ, ಆದಿಪ್ರಾಸದ ನಿರ್ಬಂಧ ಒಂದು ಕಡೆ. ಇನ್ನೊಂದು ಕಡೆ ‘ಕೃಪೆ’, ‘ಪಾಪ’, ‘ಬಲಿ’, ‘ಮುಕ್ತಿ’ ಎಂಬ ಮಾತುಗಳು. ಇವೆಲ್ಲವೂ ಶೈವ, ವೈಷ್ಣವ, ಜೈನ ಕವಿಗಳ ಕೈಯಲ್ಲಿ ನೂರಾರು ವರ್ಷ ಪಳಗಿದ ಶಬ್ದಗಳು. ಬೋಧಕನ ಬಾಯಿಂದ ಹೊರಟ ಮಾತು ಕೇಳುಗನ ಕಿವಿಯಲ್ಲಿ ಇಳಿಯುವುದು ಆ ಪಳಗಿದ ಅರ್ಥದಲ್ಲಿಯೇ. ಆದಕಾರಣ ತಾನು ಹೇಳಿದುದು ಏನೆಂದು ತಿಳಿಯಬೇಕಾದರೆ ಕೇಳಿದವರು ಏನನ್ನು ಕೇಳಿದರೆಂಬುದನ್ನು ಮೊದಲು ತಿಳಿಯಬೇಕು. ಕಿಟ್ಟೆಲರು ಛಂದಸ್ಸಿಗೂ ವ್ಯಾಕರಣಕ್ಕೂ ಕೊನೆಗೆ ಕೋಶಕ್ಕೂ ಇಳಿದುದು ಈ ಮಾರ್ಗದಿಂದಲೇ ಎಂಬುದು ನನ್ನ ಊಹೆ.

ಕೃತಿಗಳ ಕ್ರಮ ಈ ಊಹೆಗೆ ಅನುಕೂಲವಾಗಿದೆ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ವ್ಯಾಖ್ಯಾನಸಹಿತವಾಗಿ ಅಚ್ಚು ಮಾಡಿಸಿದರು. ಯಜ್ಞವನ್ನು ವಿಷಯವಾಗಿ ಇಟ್ಟುಕೊಂಡ ‘ಯಜ್ಞಸುಧಾನಿಧಿ’ಯೂ ಅದೇ ವರ್ಷದ್ದು. 1875ರಲ್ಲಿ ನಾಗವರ್ಮನ ಛಂದೋಂಬುಧಿ ಹೊರಬಂದಿತು. ಅದಕ್ಕೆ ಜೋಡಿಸಿದ ಕನ್ನಡ ಸಾಹಿತ್ಯವನ್ನು ಕುರಿತ ಪ್ರಬಂಧವು ನಮ್ಮ ಸಾಹಿತ್ಯಚರಿತ್ರೆಯ ಮೊದಲ ಪ್ರಯತ್ನಗಳಲ್ಲಿ ಒಂದು. ಯಜ್ಞದ ವಿಷಯದಲ್ಲಿ ಕ್ರೈಸ್ತಬೋಧಕರ ದೃಷ್ಟಿಯನ್ನು ವೈದಿಕ ಸಂಪ್ರದಾಯದಲ್ಲಿ ಓದಿದ ನನ್ನಂತಹವನು ಒಪ್ಪುವಂತಿಲ್ಲ. ಮೀಮಾಂಸೆಯ ಯಜ್ಞವೇ ಬೇರೆ, ಕ್ರಿಸ್ತನ ಆತ್ಮಬಲಿಯ ತತ್ತ್ವವೇ ಬೇರೆ. ಆದರೆ ವ್ಯಾಕರಣದ ಸಂಪಾದನೆಯೂ ಯಜ್ಞದ ವಿಚಾರವೂ ಒಂದೇ ವರ್ಷದಲ್ಲಿ ಒಂದೇ ಲೇಖನಿಯಿಂದ ಹೊರಟುವೆಂಬುದನ್ನು ‘ಬೋಧನೆಯನ್ನು ಮರೆತರು’ ಎನ್ನುವವರು ಗಮನಿಸಬೇಕು.

ಮಿಶನ್ನಿನಲ್ಲಿ ಇವರಿಗಿಂತ ಮೊದಲೇ ಈ ಹಾದಿಯಲ್ಲಿ ನಡೆದವರು ಹೆರ್ಮನ್ ಮೊಗ್ಲಿಂಗರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ, ಬಳಿಕ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದವರೂ ಅವರೇ. ಅವರ ಪ್ರಸಂಗಕ್ಕೆ ಬೇರೆ ಲೇಖನವೇ ಬೇಕು.

ಕೋಶದ ವಿಚಾರಕ್ಕೆ ಬರೋಣ. ಸುಮಾರು ಎರಡು ದಶಕಗಳ ದುಡಿಮೆಯದು. 1877ರಲ್ಲಿ ಸ್ವದೇಶಕ್ಕೆ ಹೋದ ಕಿಟ್ಟೆಲರು 1883ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಈ ಕೆಲಸವನ್ನು ಮುಗಿಸಲೆಂದು ಮತ್ತೆ ಬಂದರು. (ಅದೇ ವಯಸ್ಸನ್ನು ಕಳೆದು ಕೆಲವು ವರ್ಷಗಳಾದ ನನಗೆ ಬೆಂಗಳೂರಿನ ಪ್ರಯಾಣವೇ ಆಯಾಸವೆನಿಸುವುದು.) 1892ರಲ್ಲಿ ಮರಳಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದಲೇ ಸುಮಾರು 70,000 ಶಬ್ದಗಳ ಆ ಗ್ರಂಥ ಪ್ರಕಟವಾಯಿತು. ಬೋಧನೆಯನ್ನು ತೊರೆದವನ ಸ್ವಂತ ವ್ಯಸನವಾಗಿದ್ದರೆ ಅದಕ್ಕೆ ಮಿಶನ್ನೇ ಪ್ರಕಾಶಕನಾಗುವ ಕಾರಣವಿರಲಿಲ್ಲ.

ಹಾಗಾದರೆ ಅದು ಮತಾಂತರದ ಉಪಕರಣವೇ? ಈ ಶಂಕೆಗೆ ಕೋಶವೇ ಉತ್ತರ ಕೊಡುವುದು. ಬೋಧಕರಿಗೆ ಬೇಕಾದ ಉಪಕರಣ ಮಾತ್ರವಾಗಿದ್ದರೆ ಪೇಟೆಯ ಮಾತಿನ ಒಂದು ಸಣ್ಣ ಪದಪಟ್ಟಿ ಸಾಕಾಗಿದ್ದಿತು. ಹಳಗನ್ನಡದ ಱಕಾರ ೞಕಾರಗಳನ್ನು ಬೇರ್ಪಡಿಸಿ ತೋರಿಸುವುದರಿಂದ ಯಾವ ಆತ್ಮವೂ ಉದ್ಧಾರವಾಗದು. ಬಸವಪುರಾಣದಿಂದ, ಜೈಮಿನಿ ಭಾರತದಿಂದ, ದಾಸರ ಪದಗಳಿಂದ ಉದಾಹರಣೆಗಳನ್ನು ಎತ್ತಿ ಕೊಡುವುದರಿಂದಲೂ ಕ್ರೈಸ್ತಮತಕ್ಕೆ ಲಾಭವಿಲ್ಲ. ಗಾದೆಗಳನ್ನು ಸೇರಿಸಿದ್ದಾರೆ, ತಮಿಳು, ತೆಲುಗು, ಮಲಯಾಳ, ತುಳು ಮೊದಲಾದ ಸೋದರಭಾಷೆಗಳ ರೂಪಗಳನ್ನು ಪಕ್ಕದಲ್ಲಿಟ್ಟಿದ್ದಾರೆ. ಪೀಠಿಕೆಯಲ್ಲಿ ಸಂಸ್ಕೃತವು ದ್ರಾವಿಡಭಾಷೆಗಳಿಂದ ಪಡೆದುವೆಂದು 400ಕ್ಕೂ ಮಿಕ್ಕ ಶಬ್ದಗಳ ಪಟ್ಟಿಯಿದೆ. ಅದನ್ನು ಮೊದಲು ಕಂಡಾಗ ನನಗೆ ಸಿಟ್ಟೇ ಬಂದಿತ್ತೆಂದು ಹೇಳಬೇಕು. ಅವುಗಳಲ್ಲಿ ಎಲ್ಲವೂ ನಿಲ್ಲುವಂತಹುವಲ್ಲ, ಆದರೆ ಅನೇಕವು ನಿಲ್ಲುತ್ತವೆ. ಸಂಸ್ಕೃತವು ಕೊಡುವುದು ಮಾತ್ರ, ಕೊಳ್ಳುವುದಿಲ್ಲ ಎಂದು ಪಾಠಶಾಲೆಯಲ್ಲಿ ಕಲಿತುಬಂದ ಭಾವನೆಯನ್ನು ನಾನು ಆ ಪಟ್ಟಿಯ ಮುಂದೆಯೇ ಬಿಟ್ಟುದು.

ಇಷ್ಟು ಪ್ರಾಮಾಣಿಕತೆ ಎಲ್ಲಿಂದ ಬಂದಿತು? ವಿದ್ಯಾವ್ಯಸನದಿಂದ ಎಂದರೆ ಅರ್ಧ ಉತ್ತರ. ಒಪ್ಪಿಸಿದ ಧನಕ್ಕೆ ಲೆಕ್ಕ ಕೊಡಬೇಕೆಂಬ ನಂಬಿಕೆಯುಳ್ಳವನು ಲೆಕ್ಕದಲ್ಲಿ ಕಾಸೂ ತಪ್ಪದಂತೆ ನೋಡಿಕೊಳ್ಳುವನು. ತನಗೆ ಒಪ್ಪದ ದೇವತೆಯ ಹೆಸರಿಗೂ ಆ ದೇವತೆಯ ಭಕ್ತರು ಕೊಡುವ ಅರ್ಥವನ್ನೇ ಬರೆಯುವನು. ಯಾಕೆಂದರೆ ಬೇರೆ ಬರೆದರೆ ಅದು ಸುಳ್ಳುಸಾಕ್ಷಿ, ಮತ್ತು ಸುಳ್ಳುಸಾಕ್ಷಿ ಅವನ ಮತದ ಹತ್ತು ಆಜ್ಞೆಗಳಲ್ಲಿ ನಿಷಿದ್ಧವಾದುದು. ಕಿಟ್ಟೆಲರ ನಿಷ್ಪಕ್ಷಪಾತಕ್ಕೆ ಅವರ ಭಕ್ತಿ ಅಡ್ಡಿಯಾಗಲಿಲ್ಲವೆಂದು ಸಾಮಾನ್ಯವಾಗಿ ಹೊಗಳುವರು. ಭಕ್ತಿಯೇ ಅದಕ್ಕೆ ಕಾರಣವೆಂದು ನಾನು ಹೇಳುವೆನು. ಬೋಧಕನಾಗಿ ಅವರು ಹುಡುಕಿದ ಕರೆ ಹಳ್ಳಿಯ ಕಟ್ಟೆಯ ಮೇಲೆ ಸಿಕ್ಕಲಿಲ್ಲ, ಓಲೆಯ ಗ್ರಂಥಗಳ ನಡುವೆ ಸಿಕ್ಕಿತು. ಅದನ್ನು ಗುರುತಿಸಲು ಅವರಿಗೆ ಹಿಡಿದುದು ಇಪ್ಪತ್ತು ವರ್ಷ.

ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಮಂಗಳೂರಿನಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿಯೇ ಅವರು ತೀರಿಕೊಂಡರು. ಮುಂದೆ ಎಂ. ಮರಿಯಪ್ಪ ಭಟ್ಟರು ಕೋಶವನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ವರೆಗೆ ಅದನ್ನು 4 ಸಂಪುಟಗಳಲ್ಲಿ ಪ್ರಕಟಿಸಿದೆ. ನಾನು ನಿತ್ಯವೂ ನೋಡುವುದು ಆ ಸಂಪುಟಗಳನ್ನೇ. ಆದರೆ ಸಂಶಯ ತೀರದಿದ್ದಲ್ಲಿ 1894ರ ಮುದ್ರಣವನ್ನು ಇಳಿಸಿಕೊಳ್ಳುವೆನು. ಈಗ ಅದು ನನ್ನ ಮನೆಯ ಪೆಟ್ಟಿಗೆಯಲ್ಲಿದೆ, ಬೀಗ ಹಾಕಿಲ್ಲ.