ತುಕ್ಕಿಗೆ ಕ್ರೋಮಿಯಂ, ಹರಿತಕ್ಕೆ ಹದ

ಸ್ಟೇನ್‌ಲೆಸ್ ಚಾಕುವಿನ ಚರಿತ್ರೆಯನ್ನು 1913ರಿಂದ ಆರಂಭಿಸುವುದು ರೂಢಿ. ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದ ಶೆಫೀಲ್ಡ್‌ನ ಹ್ಯಾರಿ ಬ್ರೆಯರ್ಲಿ ಆ ವರ್ಷ ಶೇ. 12.8 ಕ್ರೋಮಿಯಂ, ಶೇ. 0.24 ಇಂಗಾಲ ಇರುವ ಎರಕ ಹೊಯ್ಸಿದ. ಅದು ತುಕ್ಕಿಗೆ ಜಗ್ಗಲಿಲ್ಲ. ಕಥೆ ನಿಜ, ಆದರೆ ಅರ್ಧ. ಕ್ರೋಮಿಯಂ ಬೆರೆತ ಕಬ್ಬಿಣ ಆಮ್ಲವನ್ನು ತಡೆಯುತ್ತದೆ, ಚಾಕು ಕತ್ತರಿಗಳಿಗೆ ಒದಗೀತು ಎಂದು ಫ್ರಾನ್ಸಿನ ಪಿಯರ್ ಬೆರ್ತಿಯೆ 1821ರಲ್ಲೇ ಬರೆದಿದ್ದ. ಅವನ ಗಮನ ಅತ್ತ ಹರಿದದ್ದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಮತ್ತು ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ನಡೆಸಿದ ಮಿಶ್ರ ಉಕ್ಕಿನ ಪ್ರಯೋಗಗಳಿಂದ. ಆ ಪ್ರಯೋಗಗಳ ಹಿಂದೆ ಇದ್ದದ್ದು ಭಾರತದ ಮೂಸೆ ಉಕ್ಕಿನ ಬಗೆಗಿನ ಕುತೂಹಲ. ಮೈಸೂರು ಸೀಮೆಯ ಕುಲುಮೆಗಳೂ ಅಂಥ ಉಕ್ಕನ್ನು ತಯಾರಿಸುತ್ತಿದ್ದವು. ಹಾಗಿದ್ದೂ ಬೆರ್ತಿಯೆಯಿಂದ ಬ್ರೆಯರ್ಲಿಗೆ ಬರಲು 92 ವರ್ಷ ಬೇಕಾಯಿತು. ಇಷ್ಟು ತಡವಾದದ್ದೇಕೆ ಎಂದು ನೋಡಿದರೆ, ತುಕ್ಕು ತಡೆಯುವ ಗುಣ ಮಿಶ್ರಣದಿಂದ ಬಂದರೂ ಚಾಕು ಚಾಕುವಾಗುವುದು ಕಾಯಿಸಿ ಅದ್ದಿ ಕೊಡುವ ಹದದಿಂದ ಎಂಬುದು ಸ್ಪಷ್ಟವಾಗುತ್ತದೆ.

ಬೆರ್ತಿಯೆಯ ಮಿಶ್ರಣದಲ್ಲಿ ಇಂಗಾಲ ಹೆಚ್ಚಾಗಿ ಲೋಹ ಪೆಡಸಾಗಿತ್ತು. 1895ರಲ್ಲಿ ಹಾನ್ಸ್ ಗೋಲ್ಡ್‌ಸ್ಮಿತ್ ಇಂಗಾಲವಿಲ್ಲದ ಕ್ರೋಮಿಯಂ ತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಆ ತೊಡಕು ಸಡಿಲವಾಯಿತು. ಉಳಿದದ್ದು ಬೆಂಕಿಯ ತೊಡಕು. ಸಾದಾ ಇಂಗಾಲದ ಉಕ್ಕನ್ನು ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅದ್ದಿದರೆ ಗಡಸಾಗುತ್ತದೆ. ಕ್ರೋಮಿಯಂ ಉಕ್ಕಿನ ಒಳಗೆ ಇಂಗಾಲ ಲೋಹದೊಡನೆ ಕೂಡಿ ಆದ ಗಟ್ಟಿ ಕಣ, ಅಂದರೆ ಕಾರ್ಬೈಡ್, ಕರಗಲು 1000 ಡಿಗ್ರಿ ದಾಟಬೇಕು. ತಲೆಮಾರುಗಳಿಂದ ಕೆಂಪು ಬಣ್ಣ ನೋಡಿಯೇ ಹದ ಅಳೆಯುತ್ತಿದ್ದ ಶೆಫೀಲ್ಡ್ ಕಸಬುದಾರರ ಕಣ್ಣಿಗೆ ಆ ಕಾವು ಉಕ್ಕನ್ನು ಕೆಡಿಸುವ ಕಾವು. ಮೊದಲು ಪರೀಕ್ಷಿಸಿದವರು ಈ ಲೋಹ ಬಡಿಯಲು ಬಗ್ಗದು, ಹರಿತ ನಿಲ್ಲದು ಎಂದು ಹಿಂದಿರುಗಿಸಿದರು. ಕೊಯ್ಯದ ಚಾಕು ಕಂಡುಹಿಡಿದವನೆಂಬ ಗೇಲಿಯೂ ಬ್ರೆಯರ್ಲಿಗೆ ಅಂಟಿತು. ಶೆಫೀಲ್ಡ್‌ನ ಮೋಸ್ಲಿ ಚಾಕು ಕಾರ್ಖಾನೆಯ ಅರ್ನೆಸ್ಟ್ ಸ್ಟುವರ್ಟ್ ಮಾತ್ರ ಬಿಡಲಿಲ್ಲ. ಲೋಹವನ್ನು ವಿನೆಗರ್‌ನಲ್ಲಿಟ್ಟು ಕಲೆಯಾಗದ್ದನ್ನು ಕಂಡ. ಆರಂಭದ ಯತ್ನಗಳು ಕೆಟ್ಟರೂ ಮತ್ತೆ ಮತ್ತೆ ಕಾಯಿಸಿ, ಕೊನೆಗೆ ಒಳ್ಳೆಯ ಅಲಗುಗಳನ್ನು ತೆಗೆದ. ಲೋಹ ಅದೇ, ಬದಲಾದದ್ದು ಅದನ್ನು ನಡೆಸಿಕೊಂಡ ರೀತಿ.

ನಂತರ ಬಂದ ಉಕ್ಕುಗಳನ್ನು ಪಕ್ಕಪಕ್ಕ ಇಟ್ಟರೆ ಇದೇ ಮಾತು ಗಟ್ಟಿಯಾಗುತ್ತದೆ. ಚಮಚಕ್ಕೆ ಬಳಸುವ 18-8 ಎಂಬ ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಾಯಿಸಿ ಅದ್ದಿದರೂ ಗಡಸಾಗದು; ಅದಕ್ಕೇ ಅಲಗಿಗೆ ಗಡಸಾಗುವ ಬೇರೆ ಉಕ್ಕು ಬೇಕು, ಚಮಚಕ್ಕೆ ಅಷ್ಟಾಗಿ ಅಂಟದ ಅಯಸ್ಕಾಂತ ಅದೇ ಸೆಟ್ಟಿನ ಚಾಕುವಿನ ಅಲಗಿಗೆ ಗಟ್ಟಿಯಾಗಿ ಅಂಟುತ್ತದೆ. ಡಿ2 ಉಕ್ಕಿನಲ್ಲಿ ಕ್ರೋಮಿಯಂ ಸುಮಾರು ಶೇ. 12 ಇದ್ದರೂ ಅದು ತುಕ್ಕು ಹಿಡಿಯುತ್ತದೆ, ಏಕೆಂದರೆ ಶೇ. 1.5ರಷ್ಟಿರುವ ಇಂಗಾಲ ಕ್ರೋಮಿಯಂನ ಒಂದು ಪಾಲನ್ನು ಕಾರ್ಬೈಡಾಗಿ ಕಟ್ಟಿಹಾಕುತ್ತದೆ. 440ಸಿ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1, ಕ್ರೋಮಿಯಂ ಶೇ. 17; ಅಲಗು ಬೇಗ ಸವೆಯದು, ಆದರೆ ಅದರ ದಪ್ಪ ಕಾರ್ಬೈಡ್ ಕಣಗಳು ತೆಳು ಅಂಚಿನಿಂದ ಉದುರಬಲ್ಲವು. ಸ್ವೀಡನ್ನಿನ ಎಇಬಿ-ಎಲ್‌ನಲ್ಲಿ ಇವೆರಡೂ ಕಡಿಮೆ, ಶೇ. 0.67 ಮತ್ತು 13. ಕಣ ಸಣ್ಣದು, ಅಂಚು ನಯ. ಸ್ಟೇನ್‌ಲೆಸ್ ಎಂದೂ ಇಂಗಾಲದ ಉಕ್ಕಿನಷ್ಟು ಹರಿತವಾಗದು ಎನ್ನುವವರಿಗೆ ಇಲ್ಲೇ ಉತ್ತರವಿದೆ: 1960ರ ದಶಕದಲ್ಲಿ ಕ್ಷೌರದ ಬ್ಲೇಡೇ ಇಂಗಾಲದ ಉಕ್ಕನ್ನು ಬಿಟ್ಟು ಸ್ಟೇನ್‌ಲೆಸ್‌ಗೆ ಬಂತು.

ಹದವೇ ಮುಖ್ಯವಾದರೆ ಹೊಸ ಉಕ್ಕುಗಳೇಕೆ ಬೇಕಾದವು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕರಗಿದ ಲೋಹವನ್ನು ಪುಡಿಯಾಗಿಸಿ ಒತ್ತಿ ಮಾಡುವ ಎಸ್30ವಿಯಂಥ ಉಕ್ಕುಗಳಲ್ಲಿ ವೆನೇಡಿಯಂನ ಗಟ್ಟಿ ಕಣಗಳು ಸಣ್ಣದಾಗಿ, ಸಮನಾಗಿ ಹರಡುತ್ತವೆ. ಈ ಲಾಭ ಯಾವ ಹದದಿಂದಲೂ ಸಿಗದು. ಮಿಶ್ರಣ ಮೇಲ್ಮಿತಿ ಹಾಕುತ್ತದೆ, ಅಲ್ಲಿಗೆ ಮುಟ್ಟಿಸುವುದು ಹದ. ಕಾವು ತಪ್ಪಿದ ದುಬಾರಿ ಉಕ್ಕಿಗಿಂತ ಸರಿಯಾಗಿ ಹದಗೊಂಡ ಸಾದಾ ಸ್ಟೇನ್‌ಲೆಸ್ ಉಕ್ಕು 420 ಮೇಲು. ಅಲಗಿನ ಮೇಲೆ ಕೊರೆದ ಸಂಖ್ಯೆ ನೋಡಿಯೇ ತೀರ್ಪು ಕೊಡುವ ಇಂದಿನ ಅಭ್ಯಾಸ, ಬ್ರೆಯರ್ಲಿಯನ್ನು ನೆನೆದು ಸ್ಟುವರ್ಟ್‌ನನ್ನು ಮರೆಯುವ ಚರಿತ್ರೆಯ ಮುಂದುವರಿಕೆಯೇ. ಆ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳಬೇಕು. ಚಾಕು ಕೊಳ್ಳುವಾಗಲೂ ಯಾವ ಉಕ್ಕು ಎಂಬುದರ ಜೊತೆಗೆ ಯಾರು ಹದ ಕೊಟ್ಟರು ಎಂದು ಕೇಳಬೇಕು.